ಫರಸಿ ಕಲ್ಲಿನ ಇಸ್ತ್ರಿ

ಅದೊಂದು ಬುಧವಾರ. ನಾನು ಬಸ್ ಕಂಡಕ್ಟರ್; ಅಂದು ನನಗೆ ಚಿಂಚೋಳಿ ಟ್ರಿಪ್ ಹಾಕಿದ್ದರು. ಬೆಳಿಗ್ಗೆ ಚಿತ್ತಾಪುರ ಡಿಪೋದಿಂದ ಹೊರಟು, ಸೇಡಂ ಮೇಲೆ ಹಾಯ್ದು, ಚಿಂಚೋಳಿಗೆ ಅಂಟಿಕೊಂಡ ಚಂದಾಪುರದಲ್ಲಿ ಕಚೇರಿ ಕೆಲಸದವರನ್ನು ಇಳಿಸಿ, ಮತ್ತೆ ಅದೇ ದಾರಿಯಲ್ಲಿ ವಾಪಸ್. ಸಂಜೆ ವಾಡಿಯ ಮನೆಗೆ ಬಂದಾಗ ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಅಕ್ಕ ಅಂಗಳದ ಹಗ್ಗದಿಂದ ಬಟ್ಟೆ ತೆಗೆದು ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದಳು. ನನ್ನ ಮುಖ ನೋಡಲಿಲ್ಲ, ಅಂಗಿಯ ಕಾಲರ್ ನೋಡಿದಳು.

"ಚಿಂಚೋಳಿಗಿ ಹೋಗಿದ್ದೇನು?"

"ಹೂಂ ಅಕ್ಕ. ನಿನಗ ಯಾರ ಹೇಳಿದ್ರು?"

"ನಿನ್ನ ಕುತ್ತಿಗಿ ಹೇಳ್ತು. ಕೆಂಪ ಮಣ್ಣ ಬಳಕೊಂಡು ಬಂದಿ. ಜಲ್ದಿ ಬಿಚ್ಚಿ ಕೊಡು, ಕಲ್ಲು ಇನ್ನಾ ಬಿಸಿ ಅದ."

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ನನ್ನ ಗಂಡನ ಅಣ್ಣನ ಹೆಂಡತಿ, ನನಗೆ ನೆಗೆಣ್ಣಿ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಅವಳ ಜೊತೆ ಹೂಂರಿ, ಇಲ್ಲರಿ ಎಂದೇ ಮಾತಾಡುತ್ತಿದ್ದೆ. ಕೆಲವು ದಿನ ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ಒಂದು ದಿನ, "ಈ 'ರಿ' ಅನ್ನೋದು ತವರಮನಿಗಿ ಹೋದಾಗ ಅಲ್ಲೇ ಬಿಟ್ಟು ಬಾರವ್ವ, ಇಲ್ಲಿ ಇಡಲಕ್ಕ ಜಾಗಾ ಇಲ್ಲ" ಎಂದಳು. ಅಲ್ಲಿಂದ ನೀನು ಎನ್ನುವುದು ರೂಢಿಯಾಯಿತು.

ನಾನು ಸೀರೆ ಉಟ್ಟು ಹೊರಗೆ ಬರುವಷ್ಟರಲ್ಲಿ ಖಾಕಿ ಅಂಗಿಯ ಕಾಲರಿಗೆ ಸಾಬೂನು ತಿಕ್ಕಿಯಾಗಿತ್ತು. ಜಾಲಿಸಿ ಹಿಂಡಿ, ಅಂಗಳದ ನೆಲದ ಮೇಲೆಯೇ ಹರವಿದಳು. ನಮ್ಮ ಅಂಗಳಕ್ಕೆ ಶಹಾಬಾದಿನ ಫರಸಿ ಹಾಸಿದೆ. ಹಗಲೆಲ್ಲ ಕಾದ ಆ ಕಲ್ಲು ಹೊತ್ತು ಮುಳುಗಿದ ಮೇಲೂ ಬಹಳ ಹೊತ್ತು ಕಾವು ಬಿಡುವುದಿಲ್ಲ. ಸಂಜೆ ಒಗೆದ ಅಂಗಿ ಊಟದ ಹೊತ್ತಿಗೆ ಆರಿರುತ್ತದೆ. ಆದರೆ ಅಕ್ಕ ಪೂರ್ತಿ ಆರಲು ಬಿಡುತ್ತಿರಲಿಲ್ಲ. ಮುಟ್ಟಿದರೆ ಇನ್ನೂ ತುಸು ತಂಪು ಅನ್ನಿಸುವಾಗಲೇ ಎತ್ತಿ, ಹೊಲಿಗೆಗೆ ಹೊಲಿಗೆ ಕೂಡಿಸಿ ಮಡಚಿ, ಹಳೆಯ ಧೋತರದ ತುಂಡಿನಲ್ಲಿ ಸುತ್ತಿ, ಬಿಸಿಲಿಗೆ ಇಟ್ಟಿದ್ದ ಎರಡು ಪಾಲಿಶ್ ಫರಸಿಗಳ ನಡುವೆ ಇಡುತ್ತಿದ್ದಳು. ಬೆಳಿಗ್ಗೆ ತೆಗೆದರೆ ಇಸ್ತ್ರಿಯಾಗಿರುತ್ತಿತ್ತು.

ಆ ಎರಡು ಫರಸಿಗಳನ್ನು ತಂದವರು ನಮ್ಮ ಮನೆಯವರು. ಅವರು ಭಂಕೂರಿನ ಕಡೆ ಕಲ್ಲು ಪಾಲಿಶ್ ಮಾಡುವ ಘಟಕದಲ್ಲಿ ಕೆಲಸ ಮಾಡುತ್ತಾರೆ. ಮೂಲೆ ಮುರಿದು ಮಾರಲಿಕ್ಕೆ ಬಾರದ ಕಲ್ಲುಗಳನ್ನು ಬಚ್ಚಲಿಗೆ ಹಾಸೋಣ ಎಂದು ತಂದಿದ್ದರು. ಅಕ್ಕ ಅಂಗೈ ಸವರಿ ನೋಡಿ, "ಇಂಥಾ ನುಣುಪ ಕಲ್ಲು ಬಚ್ಚಲದಾಗ ಹಾಕಿ ಜಾರಿ ಬೀಳಬೇಕೇನು ನಾವು?" ಎಂದು ಎತ್ತಿಟ್ಟುಕೊಂಡಳು. ನಮ್ಮಲ್ಲಿ ಸಂಜೆ ಕರೆಂಟು ಹೋಗುವುದು ಹೊಸದಲ್ಲ, ನನ್ನ ಡ್ಯೂಟಿ ನಸುಕಿಗೇ ಶುರು. ಈ ಇಸ್ತ್ರಿ ಯಾರೂ ಕಲಿಸಿದ್ದಲ್ಲ. ಅವಳೇ ಕಂಡುಕೊಂಡದ್ದು. ಮಳೆಗಾಲದಲ್ಲಿ ಬಿಸಿಲಿಲ್ಲದಾಗ ನೀರು ಕಾಯಿಸುವ ಒಲೆಯ ಪಕ್ಕಕ್ಕೆ ಕಲ್ಲುಗಳನ್ನು ಆನಿಸಿ ಬಿಸಿ ಮಾಡುತ್ತಿದ್ದಳು. ನಮ್ಮ ಡ್ರೈವರ್ ಒಬ್ಬರು ನನ್ನ ಅಂಗಿಯ ತೋಳಿನ ಇಸ್ತ್ರಿ ಗೀರು ನೋಡಿ, "ಮೇಡಂ, ಈ ಗೀರು ಹಿಡದು ಬಸ್ ಹೊಡದ್ರ ಸೇಡಂ ತನಕ ಸ್ಟೇರಿಂಗ್ ತಿರುವೋದೇ ಬ್ಯಾಡ" ಎನ್ನುತ್ತಿದ್ದರು.

ಅಂದು ಸಂಜೆ ಅಕ್ಕನ ಮಗಳು ಮಾಳಿಗೆಯ ಮೇಲಿನಿಂದ ಪುಸ್ತಕ ಹಿಡಿದುಕೊಂಡೇ ಇಳಿದು ಬಂದಳು. ಆಗ ಅವಳು ಪಿಯುಸಿ ಎರಡನೆಯ ವರ್ಷ. ಬೆಳಿಗ್ಗೆ ರೈಲಿಗೆ ಶಹಾಬಾದಿನ ಕಾಲೇಜಿಗೆ ಹೋಗುತ್ತಿದ್ದಳು.

"ಅವ್ವಾ, ಉಳಿದ ಬಟ್ಟಿ ನಾ ತೆಗಿಲೇನು?"

"ನಿನ್ನ ಬಟ್ಟಿ ನೀ ಒಕ್ಕೋತಿಯಲ್ಲ, ಅಷ್ಟ ಸಾಕು. ಉಳಿದದ್ದಕ್ಕ ಕೈ ಹಚ್ಚಬ್ಯಾಡ."

"ಬಟ್ಟಿ ತೆಗದ್ರ ಓದಿದ್ದು ಮರೀತದೇನು?"

"ಇವತ್ತ ತೆಗಿತಿ. ನಾಳಿ ಒಗಿತಿ. ನಾಡಿದ್ದ ಕಾಲೇಜಿಗಿ ಯಾರ ಹೋಗತಾರ, ನಿಮ್ಮಪ್ಪ ಹೋಗತಾನ?"

ಭಾವ ಹೊರಸಿನ ಮೇಲೆ ಮಲಗಿದ್ದವರು ಕಣ್ಣು ತೆರೆಯದೆ, "ನಾ ತಯ್ಯಾರಿದ್ದೀನಿ. ಅವರು ಸೇರಿಸಿಕೊಳ್ಳಬೇಕಲ್ಲ" ಎಂದರು. ಎಲ್ಲರೂ ನಕ್ಕೆವು.

ಮಗಳ ಬಗ್ಗೆ ಅಕ್ಕ ಈ ಒಂದು ಮಾತಿನಲ್ಲಿ ಗಟ್ಟಿ. ಅವಳ ತವರು ನಾಲವಾರ. ಏಳನೆಯ ಇಯತ್ತೆಯಲ್ಲಿದ್ದಾಗ ಅವರವ್ವ ಕೂಲಿಗೆ ಹೋಗಬೇಕಾಗಿ, ಸಣ್ಣ ಮಕ್ಕಳ ಬಟ್ಟೆ ಒಗೆಯಲು ಇವಳು ಒಂದು ದಿನ ಶಾಲೆ ಬಿಟ್ಟು ಮನೆಯಲ್ಲಿ ಉಳಿದಳಂತೆ. ಆ ಒಂದು ದಿನ ಮುಗಿಯಲೇ ಇಲ್ಲ. ಇದನ್ನು ಅವಳು ಅಳುತ್ತ ಹೇಳಿದ್ದಲ್ಲ, ಅಂಗಿ ಜಾಲಿಸುತ್ತ ಹೇಳಿದ್ದು.

ಮರುದಿನ ನಸುಕಿನಲ್ಲಿ ನಾನು ಇನ್ನೊಂದು ಜೊತೆ ಖಾಕಿ ತೊಟ್ಟು ಹೊರಟಾಗ ಅಕ್ಕ ನಳದ ಕೆಳಗೆ ಕೊಡ ಇಡುತ್ತಿದ್ದಳು. ಅದು ನೀರು ಬಿಡುವ ದಿನ.

"ಎದಿ ಉರಿಲಕತ್ತದ. ರಾತ್ರಿ ಬದನಿಕಾಯಿ ಉಣಬಾರದಾಗಿತ್ತು" ಎಂದಳು.

"ಜರಾ ಕುಂದ್ರು ಅಕ್ಕ."

"ನಾ ಕುಂತ್ರ ನೀರು ಕುಂದ್ರತಾವೇನು? ನೀ ನಡಿ, ನಿನ್ನ ಬಸ್ ಹೋಗ್ತದ."

ಸೇಡಂ ನಿಲ್ದಾಣದಲ್ಲಿದ್ದಾಗ ನಮ್ಮ ಮನೆಯವರ ಫೋನ್ ಬಂತು. ಅದು ಎದೆಯುರಿಯಲ್ಲ, ಹೃದಯಾಘಾತ. ಕಲಬುರಗಿ ದವಾಖಾನೆಗೆ ಒಯ್ಯುವ ದಾರಿಯಲ್ಲೇ ಅಕ್ಕ ಹೋಗಿಬಿಟ್ಟಿದ್ದಳು. ಡ್ರೈವರ್ ನನ್ನ ಕೈಯಿಂದ ಟಿಕೆಟ್ ಮಷೀನ್ ತೆಗೆದುಕೊಂಡು, "ಇದು ನಾ ನೋಡ್ಕೋತೀನ್ರಿ, ನೀವು ಮನಿಗಿ ನಡೀರಿ" ಎಂದರು. ಮರುದಿನ ಅವಳನ್ನು ಕುಳ್ಳಿರಿಸಿ, ಅಂಗೈಯಲ್ಲಿ ಲಿಂಗ ಇಟ್ಟು, ಮಣ್ಣು ಮಾಡಿದೆವು.

ನೆಂಟರೆಲ್ಲ ಹೋದ ಮೇಲೆ ಅಂಗಳ ಗುಡಿಸುವಾಗ ನಾನು ಮೇಲಿನ ಫರಸಿ ಸರಿಸಿದೆ. ಧೋತರದ ತುಂಡಿನಲ್ಲಿ ನನ್ನ ಖಾಕಿ ಹಾಗೇ ಇತ್ತು. ಬುಧವಾರ ಸಂಜೆ ಅವಳು ಮಡಚಿದ್ದು. ಗೀರು ಅಲುಗಿರಲಿಲ್ಲ. ಡ್ಯೂಟಿಗೆ ಮರಳುವ ದಿನ ಅದನ್ನೇ ತೊಟ್ಟೆ. ಸಂಜೆ ಒಗೆಯಲು ಹಾಕುವಾಗ ಕೈ ತಡೆಯಿತು. ಹಾಗೇ ಎತ್ತಿಡೋಣ ಅನ್ನಿಸಿತು. ಆದರೆ ನನ್ನ ಹತ್ತಿರ ಇದ್ದದ್ದು ಎರಡೇ ಜೊತೆ. ಬಟ್ಟೆಯನ್ನು ಒಗೆಯದೆ ಎತ್ತಿಡುವುದು ಅಕ್ಕನಿಗೆ ಸೇರುತ್ತಲೂ ಇರಲಿಲ್ಲ. ಒಗೆದೆ.

ಆಮೇಲೆ ಮನೆಯಲ್ಲಿ ಬಟ್ಟೆ ಗುಡ್ಡೆ ಬೀಳತೊಡಗಿತು. ಅವಳು ಇದ್ದಾಗ ನಾನು ಆ ಮನೆಯಲ್ಲಿ ಬಟ್ಟೆಯ ಗುಡ್ಡೆಯನ್ನೇ ಕಂಡಿರಲಿಲ್ಲ. ಹಾಗೆಂದು ಅವಳಿಗೆ ಪುರಸೊತ್ತು ಇತ್ತು ಎಂದಲ್ಲ. ಅವಳು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಬೆಳಿಗ್ಗೆ ಹೋದರೆ ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಬರುತ್ತಿದ್ದಳು. ಮನೆಯಲ್ಲಿ ನಾವು ಕೆಲಸ ಹಂಚಿಕೊಂಡಿದ್ದೆವು: ರೊಟ್ಟಿ ನಂದು, ಬಟ್ಟೆ ಅವಳದು. ರೊಟ್ಟಿ ತಟ್ಟಿದರೆ ಮುಗಿಯಿತು. ಬಟ್ಟೆ ಹಾಗಲ್ಲ ಎಂಬುದು ಆ ಗುಡ್ಡೆಯ ಮುಂದೆ ನಿಂತಾಗ ತಿಳಿಯಿತು.

ನಮ್ಮ ಮನೆಯ ಬಟ್ಟೆಗಳು ಒಂದೇ ಜಾತಿಯವಲ್ಲ. ಭಾವ ಸಿಮೆಂಟ್ ಕಾರ್ಖಾನೆಯಲ್ಲಿ ಚೀಲ ತುಂಬುವ ಕಡೆ ಕೆಲಸ ಮಾಡುತ್ತಾರೆ. ಅವರ ಬಟ್ಟೆ ಬೂದಿ ಬಣ್ಣದ ಪುಡಿ ಹೊತ್ತು ಬರುತ್ತದೆ. ನಮ್ಮ ಮನೆಯವರದು ಪಾಲಿಶ್ ಕಲ್ಲಿನ ಬಿಳಿ ಕೆಸರು. ನನ್ನದು ಎಲ್ಲ ಊರಿನ ಧೂಳು. ಹುಡುಗಿಯದು ಕಾಲೇಜಿನ ಬಿಳಿ ಸಮವಸ್ತ್ರ. ನಮ್ಮ ಬೋರಿನ ನೀರು ಸವಳು, ಸಾಬೂನು ತಿಕ್ಕಿದರೆ ನೊರೆ ಬರುವುದಿಲ್ಲ, ಮೊಸರು ಒಡೆದ ಹಾಗೆ ಆಗುತ್ತದೆ. ನಳದ ನೀರು ದಿನಾಲೂ ಬರುವುದಿಲ್ಲ. ಹಾಗಾಗಿ ಅಕ್ಕ ಬಿಳಿ ಬಟ್ಟೆಯನ್ನು ಮೊದಲು ನಳದ ನೀರಿನಲ್ಲಿ ಜಾಲಿಸುತ್ತಿದ್ದಳು. ಅದೇ ನೀರು ಬಣ್ಣದ ಬಟ್ಟೆಗೆ. ಅದಾದ ಮೇಲೆ ಕಲ್ಲಿನ ಕೆಸರಿನವಕ್ಕೆ. ಕೊನೆಗೆ ಸಿಮೆಂಟಿನವಕ್ಕೆ. ಒಗೆಯುವ ಮುಂಚೆ ಒಂದು ಸಲ ತಲೆ ಎತ್ತಿ ಕಾರ್ಖಾನೆಯ ಚಿಮಣಿ ನೋಡುತ್ತಿದ್ದಳು. ಹೊಗೆ ನಮ್ಮ ಕಡೆ ವಾಲಿದ್ದರೆ ಬಟ್ಟೆ ಪಡಸಾಲೆಯ ಒಳಗಿನ ಹಗ್ಗಕ್ಕೆ, ಸ್ಟೇಷನ್ ಕಡೆ ವಾಲಿದ್ದರೆ ಹೊರಗಿನದಕ್ಕೆ. ಹಸಿ ಬಟ್ಟೆಯ ಮೇಲೆ ಪುಡಿ ಕೂತರೆ ಮತ್ತೆ ಮೊದಲಿನಿಂದ.

ಒಂದು ವಾಷಿಂಗ್ ಮಷೀನೂ ಇದೆ. ನಮ್ಮ ಮನೆಯವರು ಒಂದು ದೀಪಾವಳಿಗೆ ತಂದರು. ಸವಳು ನೀರಿಗೆ ಅದರ ಪೈಪು ಕಟ್ಟಿಕೊಂಡಿತು, ರಿಪೇರಿಯವನು ಬಂದು ಬಿಡಿಸಿದ, ಮತ್ತೆ ಕಟ್ಟಿಕೊಂಡಿತು. "ಹೆಂಗ ಅದ ಅತ್ತಿಗಿ ಮಷೀನು?" ಎಂದು ನಮ್ಮವರು ಕೇಳಿದರೆ ಅಕ್ಕ, "ಭಾಳ ಛಲೋ ಅದಪ್ಪ. ಬಟ್ಟಿ ಮಡಚಲಕ್ಕ ಎತ್ತರ ಬರೋಬರ್ ಆಗ್ಯದ" ಎನ್ನುತ್ತಿದ್ದಳು.

ಇಷ್ಟೆಲ್ಲವನ್ನೂ ಅವಳು ಒಟ್ಟಿಗೆ ಕೂತು ಮಾಡಿದ್ದನ್ನು ನಾನು ನೋಡಿಲ್ಲ. ಸಾರು ಕುದಿಯುವಾಗ ಎರಡು ಅಂಗಿ, ನೀರು ತುಂಬುವಾಗ ಎರಡು. ಶಾಲೆಗೆ ಹೋಗುವ ಮುಂಚೆ ನೆನೆಹಾಕಿದ್ದು ಬಂದ ಮೇಲೆ ತಿಕ್ಕುವುದು. ರಜೆಯ ದಿನ ಎಲ್ಲ ಒಗೆಯೋಣ ಎಂದು ನಾನು ಅಂದಾಗ, "ಹಬ್ಬದಂಗ ಒಂದೇ ದಿನ ಒಗಿತೀನಂದ್ರ ಮರುದಿನ ನೀ ಏಳಂಗಿಲ್ಲ" ಎಂದಿದ್ದಳು. ಅಂಥ ಚುರುಕನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ. ಆದರೂ ಅವಳಲ್ಲಿ ಅವಸರ ಕಂಡಿರಲಿಲ್ಲ.

ನಾನು ಡ್ಯೂಟಿಯಿಂದ ಬಂದು ಒಗೆದರೂ ಗುಡ್ಡೆ ಕರಗಲಿಲ್ಲ. ಒಂದು ದಿನ ಸಂಜೆ ಬಂದಾಗ ಅದು ಇರಲಿಲ್ಲ. ಹಗ್ಗದ ತುಂಬ ಬಟ್ಟೆ. ಒಗೆಯುವ ಕಲ್ಲಿನ ಹತ್ತಿರ ಹುಡುಗಿ, ಮೊಣಕೈ ತನಕ ಸಾಬೂನು.

"ಕಾಲೇಜ್ ಇರ್ಲಿಲ್ಲೇನು?"

"ಇವತ್ತ ಒಂದಿನ ಬಿಟ್ಟೀನಿ ಚಿಗವ್ವ. ಫಿಕರ್ ಮಾಡಬ್ಯಾಡ."

ಮರುವಾರ ಮತ್ತೆ ಒಂದು ದಿನ. ಆಮೇಲೆ ಬೆಳಗಿನ ರೈಲು ಬಿಟ್ಟು ಮಧ್ಯಾಹ್ನ ಹೋಗುವುದು ಶುರುವಾಯಿತು. ಹೋದರೆ ಒಂದೋ ಎರಡೋ ಪಾಠ ಸಿಗುತ್ತಿದ್ದವು. ಆಮೇಲೆ ಮಧ್ಯಾಹ್ನವೂ ಹೋಗಲಿಲ್ಲ. ಪಕ್ಕದ ಮನೆಯ ಹಿರಿಯಾಕೆ ಬಾಗಿಲಲ್ಲಿ ನಿಂತು ನೋಡಿ, "ಹುಡುಗಿ ಭಾಳ ಶ್ಯಾಣ್ಯಾಕಿ ಅದಾಳ. ಅವ್ವನ ಜಾಗಾ ಬರೋಬರ್ ಹಿಡದಾಳ" ಎಂದರು. ಹೊಗಳಿಕೆಯಾಗಿಯೇ ಹೇಳಿದ್ದು. ನನಗೆ ಅಕ್ಕನ ಮುಗಿಯದ ಆ ಒಂದು ದಿನ ನೆನಪಾಯಿತು. ಅಕ್ಕ ಇಷ್ಟು ವರ್ಷ ಕಾವಲು ಕೂತಿದ್ದ ಬಾಗಿಲಿನಿಂದಲೇ ಅದು ಒಳಗೆ ಬಂದಿತ್ತು.

ಭಾವನ ಮುಂದೆ ಮಾತು ತೆಗೆದೆ.

"ಭಾವಾರ, ಹುಡುಗಿ ಕಾಲೇಜಿಗಿ ಹೋಗಲಕತ್ತಿಲ್ರಿ."

"ಪರೀಕ್ಷಿ ಇನ್ನಾ ದೂರ ಅದಲ್ಲವ್ವ."

"ದೂರ ಇಲ್ರಿ. ಇನ್ನ ಮ್ಯಾಲೆ ಆಕಿ ತನ್ನ ಬಟ್ಟಿ ಅಷ್ಟ ಒಕ್ಕೋಬೇಕು. ಅಕ್ಕ ಹಂಗೇ ಇಟ್ಟಿದ್ಲು. ನಾ ನಂದು ಒಕ್ಕೋತೀನಿ, ನಿಮ್ಮ ತಮ್ಮ ಅವರದು ಅವರು ಒಕ್ಕೋತಾರ."

ಅವರು, "ಅಂದ್ರ ಉಳಿದಾವ ನಾನೇ" ಎಂದರು. ಆಮೇಲೆ, "ಇರಲಿ. ಅಂಗಿ ಒಗಿಲಕ್ಕ ಏನ್ ದೊಡ್ಡ ವಿದ್ಯಾ ಬೇಕಾಗ್ಯದ?" ಎಂದು ಎದ್ದು ಹೋಗಿ, ಗೂಟಕ್ಕೆ ಹಾಕಿದ್ದ ಕೆಲಸದ ಅಂಗಿ ಪ್ಯಾಂಟು ಎರಡು ಜೊತೆ ತಂದು, ಬಕೆಟ್ಟಿನಲ್ಲಿ ಒತ್ತಿ, ಮೇಲೆ ನೀರು ಸುರಿದು, ಸಾಬೂನಿನ ಪುಡಿ ಹಾಕಿ ಮಲಗಿಬಿಟ್ಟರು. ನಾನು ಒಳಗೆ ರೊಟ್ಟಿ ತಟ್ಟುತ್ತಿದ್ದೆ.

ಮರುದಿನ ನನಗೆ ಎರಡನೆಯ ಪಾಳಿ, ಬೆಳಿಗ್ಗೆ ಮನೆಯಲ್ಲೇ ಇದ್ದೆ. ಬಕೆಟ್ಟಿನ ಮುಂದೆ ಭಾವ ಕುಕ್ಕರುಗಾಲಿನಲ್ಲಿ ಕೂತಿದ್ದರು. ಕೈಯಲ್ಲಿ ಅಂಗಿ. ಅದರ ಜೇಬು ಕೈಗೆ ಬಗ್ಗುತ್ತಿರಲಿಲ್ಲ. ಜೇಬಿನ ತಳದಲ್ಲಿ, ಪ್ಯಾಂಟಿನ ಮಡಿಕೆಯಲ್ಲಿ, ತೋಳಿನ ಅಂಚಿನಲ್ಲಿ ಕೂತಿದ್ದ ಪುಡಿ ಒಂದೇ ರಾತ್ರಿಗೆ ಗಟ್ಟಿಯಾಗಿತ್ತು. ಬಕೆಟ್ಟಿನ ತಳದಲ್ಲೂ ಒಂದು ಬಿಲ್ಲೆ ಕಟ್ಟಿತ್ತು.

ಹಲ್ಲುಜ್ಜುತ್ತ ಬಂದ ನಮ್ಮ ಮನೆಯವರು ನೋಡಿದರು. "ಏನಣ್ಣ, ಕಂಪನ್ಯಾಗ ಚೀಲ ತುಂಬತಿ, ಮನಿಗಿ ಬಂದು ಪಾಯಾ ಹಾಕತಿ?"

ಅಕ್ಕ ಹೋದ ಮೇಲೆ ಭಾವ ಅಂದೇ ಮೊದಲು ನಕ್ಕರು. ಹುಡುಗಿಯೂ ನಕ್ಕಳು. ಜೇಬಿನ ಗಡ್ಡೆಯನ್ನು ಕಲ್ಲಿಗೆ ಕುಟ್ಟಿದರು, ಅದು ಒಡೆಯಲಿಲ್ಲ. ಆಗ ನಗು ನಿಂತಿತು.

"ನೀರು ಬಿದ್ರ ಇದು ಏನಾಗ್ತದ ಅಂತ ಊರಿಗೆಲ್ಲ ಹೇಳಾಂವ ನಾನು" ಎಂದರು. "ಇಷ್ಟ ವರ್ಷದಾಗ ಒಮ್ಮಿನೂ ನನ್ನ ಜೇಬು ಹಿಂಗ ಆಗಿದ್ದಿಲ್ಲ. ಆಕಿ ಏನ್ ಮಾಡತಿದ್ಲು?"

"ನೀರಿಗಿ ಹಾಕೋ ಮದ್ಲ ಝಾಡಸ್ತಿದ್ಲು ಅಪ್ಪ" ಎಂದಳು ಹುಡುಗಿ. "ಜೇಬ್ ಹೊರಗ ಮಾಡಿ, ಮಡಚಿದ್ದೆಲ್ಲ ಬಿಚ್ಚಿ, ಹಿಂದಿನ ಗ್ವಾಡಿಗಿ ಬಡೀತಿದ್ಲು. ಮೂಗಿಗಿ ಸೆರಗು ಕಟ್ಟಿಕೊಂಡು. ನೀ ಡ್ಯೂಟಿಗಿ ಹೋದ ಮ್ಯಾಲೆ."

ಭಾವ ಎದ್ದು ಮನೆಯ ಹಿಂದಕ್ಕೆ ಹೋದರು. ನಾವೂ ಹೋದೆವು. ಹಿತ್ತಲ ಗೋಡೆಯಲ್ಲಿ, ನಿಂತವಳ ಭುಜದ ಎತ್ತರಕ್ಕೆ, ಬೂದಿ ಬಣ್ಣದ ದೊಡ್ಡದೊಂದು ಕಲೆ ಇದೆ. ಅಂಗಿ ಬಡಿದು ಬಡಿದು ಆದದ್ದು. ಅವರು ಅದರ ಮೇಲೆ ಅಂಗೈ ಇಟ್ಟರು.

"ಗ್ವಾಡಿಗಿ ಹಸಿ ಹಿಡದದ ಅಂತ ತಿಳಿದಿದ್ದೆ ನಾ. ವರ್ಷ ವರ್ಷ ಸುಣ್ಣಾ ಹೊಡೀತಿದ್ದೆ. ಮತ್ತ ಹಂಗೇ ಆಗ್ತಿತ್ತು. ಆಕಿ ಒಂದ್ ಮಾತು ಹೇಳಿದ್ದಿಲ್ಲ."

ಅಕ್ಕ ಯಾಕೆ ಹೇಳಿರಲಿಲ್ಲವೋ ನನಗೂ ಗೊತ್ತಿಲ್ಲ. ಹೇಳುವಂಥ ದೊಡ್ಡ ಮಾತು ಎಂದು ಅವಳಿಗೆ ಅನ್ನಿಸಿರಲಿಕ್ಕಿಲ್ಲ.

ಭಾವ ಹುಡುಗಿಯ ಕಡೆ ತಿರುಗಿದರು. "ರೈಲ್ ಗಾಡಿ ಎಷ್ಟಕ್ಕ ಅದ?"

"ಹೋಗ್ಯದ ಅಪ್ಪ."

"ಹಂಗಾರ ಚಿಗವ್ವನ ಬಸ್ಸಿಗಿ ಹೋಗು. ಕೈ ತೊಳಕೊ."

ನಾನು ಡಿಪೋಕ್ಕೆ ಹೋಗಿ, ಶಹಾಬಾದ್ ಟ್ರಿಪ್ ಹಿಡಿದು, ಚಿತ್ತಾಪುರದಿಂದ ವಾಡಿಗೆ ಬಂದಾಗ ಇಬ್ಬರೂ ನಿಲ್ದಾಣದಲ್ಲಿ ನಿಂತಿದ್ದರು. ಪುಸ್ತಕದ ಚೀಲ ಭಾವನ ಹೆಗಲಲ್ಲಿತ್ತು. ಹುಡುಗಿ ಹತ್ತಿದಳು, ಅವರೂ ಹಿಂದೆಯೇ ಹತ್ತಿ, "ಒಂದು ಶಹಾಬಾದ್ ಕೊಡವ್ವ" ಎಂದು ಜೇಬಿಗೆ ಕೈ ಹಾಕಿದರು.

"ಹೆಣ್ಣಮಕ್ಕಳಿಗಿ ರೊಕ್ಕ ಇಲ್ರಿ ಭಾವಾರ. ನೀವು ಇಳೀರಿ, ಬಸ್ ಬಿಡಬೇಕು."

"ಹಂಗಾ? ನನಗ ಹೇಳಿದ್ರ ನಾನೂ ಸೀರಿ ಉಟಗೊಂಡು ಬರ್ತಿದ್ದೆ" ಎಂದು ಇಳಿದರು. ಡ್ರೈವರ್ ಕನ್ನಡಿಯಲ್ಲಿ ನೋಡಿ ನಕ್ಕರು. ನಾನು ಹುಡುಗಿಗೆ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟೆ. ಅವಳು ಕಿಟಕಿಗೆ ಒರಗಿ ಪುಸ್ತಕ ತೆಗೆದಳು.

ಆ ದಿನದಿಂದ ಅವಳು ಬಟ್ಟೆಗಾಗಿ ಕಾಲೇಜು ಬಿಟ್ಟಿಲ್ಲ. ಮಧ್ಯೆ ಮಧ್ಯೆ ನಮ್ಮಲ್ಲಿ ಜಗಳಗಳೂ ಆಗಿವೆ. ನಮ್ಮ ಮನೆಯವರು ಪಾಲಿಶ್ ಕೆಸರಿನ ಪ್ಯಾಂಟನ್ನು ಬಿಳಿ ಬಟ್ಟೆಯ ನೀರಿಗೇ ಅದ್ದಿ ಇಡೀ ಬಕೆಟ್ಟು ಕೆಡಿಸಿದ್ದಾರೆ. ಹೊಗೆ ನೋಡದೆ ಹರವಿದ ಹಾಸಿಗೆಯ ಚಾದರ ನಾನೇ ಎರಡು ಸಲ ಒಗೆದಿದ್ದೇನೆ. ಭಾವ ಪಾಳಿಯಿಂದ ಬಂದ ಕೂಡಲೇ ಹಿತ್ತಲಿಗೆ ಹೋಗಿ, ಮೂಗಿಗೆ ಟವೆಲ್ ಕಟ್ಟಿಕೊಂಡು, ಜೇಬು ಹೊರಗೆ ಮಾಡಿ ಬಡಿಯುತ್ತಾರೆ. ಆ ವರ್ಷದಿಂದ ಅವರು ಹಿತ್ತಲ ಗೋಡೆಗೆ ಸುಣ್ಣ ಹೊಡೆದಿಲ್ಲ. ಫರಸಿಗಳ ನಡುವೆ ಖಾಕಿ ಇಡುವುದನ್ನು ನಾನು ಕಲಿತಿದ್ದೇನೆ, ಆದರೆ ಎಷ್ಟು ತೇವ ಇರುವಾಗ ಎತ್ತಬೇಕು ಎಂಬುದು ಇನ್ನೂ ಕೈಗೆ ಹತ್ತಿಲ್ಲ. ಕೆಲವು ದಿನ ತೋಳಿನಲ್ಲಿ ಎರಡೆರಡು ಗೀರು ಬೀಳುತ್ತವೆ. ನಾವು ನಾಲ್ಕು ಜನ ಸೇರಿ, ಅವಳು ಒಬ್ಬಳೇ ಮಾಡುತ್ತಿದ್ದ ಕೆಲಸವನ್ನು, ಅವಳಿಗಿಂತ ಸ್ವಲ್ಪ ಕಡಿಮೆ ಚೆನ್ನಾಗಿ ಮಾಡುತ್ತೇವೆ.

ಹುಡುಗಿ ಪಿಯುಸಿ ಪಾಸಾಗಿ ಈಗ ಡಿಗ್ರಿ ಓದುತ್ತಿದ್ದಾಳೆ. ಫಲಿತಾಂಶ ಬಂದ ದಿನ ನಾನು ಸೇಡಂ ರಸ್ತೆಯಲ್ಲಿದ್ದೆ, ಬಸ್ಸು ತುಂಬಿತ್ತು. ಅವಳು ಫೋನ್ ಮಾಡಿ ಹೇಳಿದಳು. ಡ್ಯೂಟಿ ಮುಗಿಸಿ ಮನೆಗೆ ಬಂದಾಗ ಭಾವ ಪೇಢೆ ತಂದಿದ್ದರು, ನಮ್ಮ ಮನೆಯವರು ಬೇಗ ಬಂದಿದ್ದರು, ಎಲ್ಲರೂ ಅಂಗಳದಲ್ಲೇ ಕೂತಿದ್ದರು. ಬಟ್ಟೆಗಳನ್ನೂ ಒಳಗೆ ತಂದು ಮಡಚಿ ಆಗಿತ್ತು. ಎಲ್ಲರೂ ಇದ್ದರು, ನಾನು ಅಕ್ಕ ಎಂದು ಕರೆಯುವವಳು ಮಾತ್ರ ಇರಲಿಲ್ಲ.